ಜೋಡಿಯಾಯಿತು, ದನಿ ಬರಲಿಲ್ಲ

ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸನೊಬ್ಬನ ಅಡ್ಡಹೆಸರು ಇಂದು ನಮ್ಮ ಮುರಗೋಡದ ತರುಣರ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುತ್ತದೆ. ಅದು ಅರಸನ ಹೆಸರೆಂಬುದು ಅವರಲ್ಲಿ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಹರಾಲ್ಡನೆಂಬ ಆ ಅರಸನಿಗೆ ಇತಿಹಾಸದಲ್ಲಿ ‘ನೀಲಿ ಹಲ್ಲಿನವನು’ ಎಂಬ ಹೆಸರು ಅಂಟಿಕೊಂಡಿದೆ. ಡೆನ್ಮಾರ್ಕ ಮತ್ತು ನಾರ್ವೆಗಳನ್ನು ಒಂದುಗೂಡಿಸಿದವನೆಂದು ಅವನ ಖ್ಯಾತಿ. ಟೆಲಿಫೋನು, ಕಂಪ್ಯೂಟರುಗಳನ್ನು ತಂತಿಯಿಲ್ಲದೆ ಕೂಡಿಸುವ ವಿದ್ಯೆಗೊಂದು ಹೆಸರು ಬೇಕಾದಾಗ, 1997ರಲ್ಲಿ ಇಂಟೆಲ್ ಕಂಪನಿಯ ಜಿಮ್ ಕಾರ್ಡಾಕ್ ಎಂಬವನು ಈ ಅರಸನನ್ನು ನೆನೆದನು. ತಾತ್ಕಾಲಿಕವೆಂದು ಇಟ್ಟ ಆ ಹೆಸರೇ ಶಾಶ್ವತವಾಯಿತು. ಅದೇ ‘ಬ್ಲೂಟೂತ್’. ಹೆಸರು ಹಲ್ಲಿನದು, ಕೆಲಸ ಕಿವಿಯದು!

ಆದರೆ ಒಂದುಗೂಡಿಸುವುದು ಬೇರೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದು ಬೇರೆ. ರಾಜ್ಯಗಳ ವಿಷಯದಲ್ಲಿ ನಿಜವಾದ ಈ ಮಾತು ಯಂತ್ರಗಳ ವಿಷಯದಲ್ಲಿಯೂ ನಿಜ. ನಮ್ಮ ಓಣಿಯ ಹುಡುಗರು ಲ್ಯಾಪ್‌ಟಾಪನ್ನು ಬಗಲಿಗಿಟ್ಟುಕೊಂಡು ಬಂದು, “ಸರ್ರ, ಕನೆಕ್ಟ್ ಆಗೇತಿ ಅಂತ ತೋರಸಾಕತ್ತೈತ್ರಿ, ಆದ್ರ ಏನೂ ಕೇಳವಲ್ದ್ರಿ” ಎನ್ನುತ್ತಾರೆ. ಇತಿಹಾಸ ಕಲಿಸಿ ನಿವೃತ್ತನಾದ ಮಾಸ್ತರನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ನನ್ನ ಉತ್ತರವಿಷ್ಟೇ: ಈ ದೋಷದ ಬೇರು ಯಂತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ಯಂತ್ರದ ಚರಿತ್ರೆಯಲ್ಲಿದೆ. ಚರಿತ್ರೆ ತಿಳಿದವನಿಗೆ ರಿಪೇರಿಯ ಅರ್ಧ ದಾರಿ ತಿಳಿದಂತೆಯೇ.

ತಂತಿಯಿಲ್ಲದ ಈ ವಿದ್ಯೆ ಹುಟ್ಟಿದಾಗ ಮೂಕವಾಗಿದ್ದಿತು. 1895ರಲ್ಲಿ ಕಲಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗೋಡೆಯಾಚೆಗೆ ಅಲೆಗಳನ್ನು ಕಳಿಸಿ ಗಂಟೆ ಬಾರಿಸಿದರು, ಮದ್ದು ಸಿಡಿಸಿದರು. ಅಲೆ ಹೋಗಿ ಮುಟ್ಟಿತ್ತು, ಅದರಲ್ಲಿ ಮಾತಿರಲಿಲ್ಲ. ಗೆಲೀನಾ ಎಂಬ ಸೀಸದ ಅದಿರಿನ ಹರಳು ಈ ಅಲೆಗಳನ್ನು ಗುರುತಿಸಬಲ್ಲುದೆಂದು ತೋರಿಸಿ ಅವರು ಅಮೇರಿಕೆಯಲ್ಲಿ ಪಡೆದ ಪೇಟೆಂಟು 1904ರದು. ಮುಂದೆ ಅದೇ ಜಾತಿಯ ಹರಳಿನಿಂದ ಬಡವರ ರೇಡಿಯೋ ಹುಟ್ಟಿತು. ಅದಕ್ಕೆ ಬ್ಯಾಟರಿ ಬೇಡ, ವಿದ್ಯುತ್ತೂ ಬೇಡ. ಮೇಲಕ್ಕೊಂದು ತಂತಿ, ನೆಲಕ್ಕೊಂದು ತಂತಿ, ನಡುವೆ ಹರಳು, ಕಿವಿಗೆ ಹೆಡ್‌ಫೋನು. ಆ ಹೆಡ್‌ಫೋನಿನದೂ ಒಂದು ಕಥೆಯಿದೆ. ನಥಾನಿಯಲ್ ಬಾಲ್ಡ್‌ವಿನ್ ಎಂಬವನು ಅಮೇರಿಕೆಯ ಯೂಟಾ ಪ್ರಾಂತದಲ್ಲಿ ತನ್ನ ಮನೆಯ ಅಡಿಗೆಕೋಣೆಯಲ್ಲಿಯೇ ಅದನ್ನು ತಯಾರಿಸಿ, 1910ರಲ್ಲಿ ಆ ದೇಶದ ನೌಕಾಪಡೆಗೆ ಕಳಿಸಿದನು.

ಆ ಹರಳಿನ ರೇಡಿಯೋದಲ್ಲಿಯೂ ನಮ್ಮ ಹುಡುಗರು ಇಂದು ಕಾಣುವ ತೊಡಕೇ ಇದ್ದಿತು. ಎಲ್ಲ ತಂತಿಗಳೂ ಸರಿಯಾಗಿ ಕೂಡಿರುತ್ತಿದ್ದವು. ಕಿವಿಯಲ್ಲಿ ಮಾತ್ರ ಮೌನ. ‘ಬೆಕ್ಕಿನ ಮೀಸೆ’ ಎಂದು ಕರೆಯುತ್ತಿದ್ದ ಸಣ್ಣ ತಂತಿಯೊಂದರಿಂದ ಹರಳಿನ ಮೈಯನ್ನು ಅಲ್ಲಿಷ್ಟು ಇಲ್ಲಿಷ್ಟು ಚುಚ್ಚುತ್ತ, ಅದರ ಜೀವಂತ ಬಿಂದುವನ್ನು ಹುಡುಕಬೇಕಾಗುತ್ತಿದ್ದಿತು. ಆ ಬಿಂದು ಸಿಕ್ಕೊಡನೆ ದನಿ. ಕೂಡಿಕೆ ಒಂದು ಕೆಲಸ, ದನಿಯ ದಾರಿ ಹುಡುಕುವುದು ಇನ್ನೊಂದು ಕೆಲಸ ಎಂಬುದು ಅಂದಿನವರಿಗೆ ಅನುಭವದಿಂದಲೇ ತಿಳಿದಿದ್ದಿತು.

ಕನ್ನಡ ನಾಡಿಗೆ ಬಾನುಲಿ ಬಂದದ್ದು 1935ರಲ್ಲಿ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಅವರ ‘ಆಕಾಶವಾಣಿ’ಯ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂದಿತು. ನಮ್ಮ ಕಡೆಗೆ ಧಾರವಾಡ ನಿಲಯ ದನಿಯೆತ್ತಿದ್ದು 1950ರ ಜನವರಿಯಲ್ಲಿ. ಬಾನುಲಿಯೆಂದರೆ ಆಕಾಶದ ಡಂಗುರ. ಡಂಗುರ ಸಾರುವವನಿಗೆ ಯಾರು ಬಾಗಿಲಿಗೆ ಬಂದು ಕೇಳಿದರು, ಯಾರು ಒಳಗೇ ಉಳಿದರು ಎಂಬುದು ಬೇಕಾಗಿಲ್ಲ. ಕೇಳುವವರ ಲೆಕ್ಕವಿಟ್ಟದ್ದು ನಿಲಯವಲ್ಲ, ಅಂಚೆ ಕಚೇರಿ. ರೇಡಿಯೋ ಇಟ್ಟುಕೊಂಡವರು ಅಲ್ಲಿ ಹಣ ಕಟ್ಟಿ ಲೈಸೆನ್ಸು ಪಡೆಯಬೇಕಾಗಿದ್ದಿತು. ಆ ಪದ್ಧತಿ ಅಳಿದದ್ದು 1980ರ ದಶಕದಲ್ಲಿ.

ಬ್ಲೂಟೂತ್ ಡಂಗುರವಲ್ಲ, ಕಿವಿಮಾತು. ಇಲ್ಲಿ ಹೇಳುವವನೂ ಕೇಳುವವನೂ ಮೊದಲು ಪರಿಚಯ ಮಾಡಿಕೊಳ್ಳಬೇಕು. ಎರಡು ಯಂತ್ರಗಳು ತಮ್ಮಿಬ್ಬರಿಗೇ ತಿಳಿದಿರುವ ಗುಟ್ಟಿನ ಸಂಖ್ಯೆಯೊಂದನ್ನು ಗೊತ್ತುಮಾಡಿಕೊಂಡು ನೆನಪಿನಲ್ಲಿಟ್ಟುಕೊಳ್ಳುತ್ತವೆ. ‘ಪೇರ್’ ಆಗುವುದೆಂದರೆ ಇಷ್ಟೇ. ಇದು ನಿಶ್ಚಿತಾರ್ಥ, ಮದುವೆಯಲ್ಲ. ಬೀಗರು ವೀಳ್ಯ ಬದಲಾಯಿಸಿದ ಮಾತ್ರಕ್ಕೆ ಸಂಸಾರ ನಡೆಯಿತೆಂದು ಯಾರೂ ಹೇಳುವುದಿಲ್ಲವಷ್ಟೆ?

ಇನ್ನು ಮುಖ್ಯ ಸಂಗತಿಗೆ ಬರೋಣ. ಈ ವಿದ್ಯೆಯ ಕೆಲಸ 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಮೊದಲಾಯಿತು. ಯಾಪ್ ಹಾರ್ಟ್ಸೆನ್ ಎಂಬ ಡಚ್ ಎಂಜಿನಿಯರ್ ಅದರ ಪ್ರಮುಖ ಶಿಲ್ಪಿ. 1998ರಲ್ಲಿ ಎರಿಕ್ಸನ್, ನೋಕಿಯಾ, ಇಂಟೆಲ್, ಐಬಿಎಂ, ತೋಷಿಬಾ ಈ ಐದು ಕಂಪನಿಗಳು ಒಂದು ಕೂಟ ಕಟ್ಟಿದವು. ಟೆಲಿಫೋನಿನ ಸುತ್ತಲಿನ ತಂತಿಗಳನ್ನು ತೆಗೆದುಹಾಕಬೇಕೆಂಬುದು ಮೊದಲಿನ ಹಂಬಲ. ಆದುದರಿಂದ ಅಂದು ಹಾಕಿದ ದನಿಯ ದಾರಿ ಫೋನಿನ ಮಾತಿಗೆ ತಕ್ಕಂತೆ ಇದ್ದಿತು: ಸೆಕೆಂಡಿಗೆ 8000 ಮಾದರಿಗಳ ತೆಳು ದನಿ, ಆದರೆ ಹೋಗಲಿಕ್ಕೂ ಬರಲಿಕ್ಕೂ ಅವಕಾಶ. ಸಂಗೀತಕ್ಕೆಂದು ಬೇರೊಂದು ದಾರಿ ಸಿದ್ಧವಾದದ್ದು 2003ರಲ್ಲಿ. ಅದರಲ್ಲಿ ದನಿ ತುಂಬಿದ್ದು, ಎರಡೂ ಕಿವಿಗಳಿಗೆ ಬೇರೆಬೇರೆ. ಆದರೆ ಅದು ಒಮ್ಮುಖದ ದಾರಿ. ಕೇಳಬಹುದು, ತಿರುಗಿ ಮಾತಾಡಲಿಕ್ಕಾಗದು.

ಹೀಗಾಗಿ ಒಂದೇ ಹೆಡ್‌ಫೋನಿನೊಳಗೆ ಇಬ್ಬರು ವಾಸವಾಗಿದ್ದಾರೆ. ಒಬ್ಬ ಫೋನಿನವನು, ಇನ್ನೊಬ್ಬ ಹಾಡಿನವನು. ವಿಂಡೋಸ್ 10 ಇರುವ ಕಂಪ್ಯೂಟರಿನಲ್ಲಿ ಇವರಿಬ್ಬರ ಹೆಸರೂ ಪ್ರತ್ಯೇಕವಾಗಿ ಕಾಣುತ್ತದೆ: ಒಂದು ‘ಹೆಡ್‌ಫೋನ್ಸ್’, ಇನ್ನೊಂದು ‘ಹೆಡ್‌ಸೆಟ್’. ವಿಂಡೋಸ್ 11ರಲ್ಲಿ ಎರಡನ್ನೂ ಒಂದೇ ಹೆಸರಿನಡಿ ತಂದಿದ್ದಾರೆ. ಯಾವುದೋ ಪ್ರೋಗ್ರಾಮು ಹೆಡ್‌ಫೋನಿನ ಮೈಕು ಬೇಕೆಂದೊಡನೆ ಫೋನಿನವನು ಏಳುತ್ತಾನೆ, ಹಾಡಿನವನು ಸುಮ್ಮನಾಗುತ್ತಾನೆ. ಆ ಹೊತ್ತಿನಲ್ಲಿ ಕಂಪ್ಯೂಟರು ಹಾಡಿನವನ ಹೆಸರಿಗೇ ದನಿ ಕಳಿಸುತ್ತಿದ್ದರೆ ಕೇಳುವವರು ಯಾರು? ಜೋಡಿಯೂ ಇದೆ, ದನಿಯೂ ಹೊರಟಿದೆ. ಕಿವಿ ಮಾತ್ರ ಬರಿದು.

ಇದು ಬರೀ ಮೋಜಿನ ಮಾತಲ್ಲ. ನಮ್ಮೂರಿನಲ್ಲಿ ಪದವಿ ಮುಗಿಸಿದ ಹುಡುಗಿಯೊಬ್ಬಳಿಗೆ ದೂರದ ಊರಿನ ಕಂಪನಿಯೊಂದರ ಸಂದರ್ಶನ ಕಂಪ್ಯೂಟರಿನಲ್ಲಿಯೇ ನಡೆಯಿತು. ತೆರೆಯ ಮೇಲೆ ಪ್ರಶ್ನೆ ಕೇಳುವವರ ತುಟಿಗಳು ಆಡಿದವು. ಇವಳಿಗೆ ಒಂದಕ್ಷರವೂ ಕೇಳಲಿಲ್ಲ. ಗಾಬರಿಯಿಂದ ತಲೆಯಾಡಿಸುತ್ತ ಕುಳಿತಳು. ಅವರು ಮತ್ತೆ ಕರೆಯಲಿಲ್ಲ. ಮರುದಿನ ಬಂದು, “ನನ್ನ ಇಂಗ್ಲೀಷೇ ಸರಿ ಇಲ್ಲರಿ ಸರ್ರ” ಎಂದಳು! ಅವಳ ಇಂಗ್ಲೀಷಿಗೆ ಬಾಯಿ ತೆರೆಯುವ ಸರದಿಯೇ ಬಂದಿರಲಿಲ್ಲ. ನೋಡಿದರೆ, ಸಭೆಯ ಪ್ರೋಗ್ರಾಮು ಹಾಡಿನವನ ಹೆಸರಿಗೆ ದನಿಯನ್ನೂ ಫೋನಿನವನಿಂದ ಮೈಕನ್ನೂ ಗೊತ್ತುಮಾಡಿಕೊಂಡಿದ್ದಿತು. ಎರಡು ನಿಮಿಷದ ಕೆಲಸ. ಹಳ್ಳಿಯ ಮಕ್ಕಳು ಯಂತ್ರದ ಹಳೆಯ ಒಡಕನ್ನು ತಮ್ಮ ಯೋಗ್ಯತೆಯ ಕೊರತೆಯೆಂದು ತಿಳಿಯುವುದೇ ನನಗೆ ದುಃಖದ ಸಂಗತಿ.

ಆದುದರಿಂದ ಕ್ರಮವನ್ನು ಇಲ್ಲಿ ಹೇಳಿಬಿಡುತ್ತೇನೆ. ಮೊದಲು, ಹೆಡ್‌ಫೋನು ಕಿಸೆಯಲ್ಲಿರುವ ಮೊಬೈಲಿಗೆ ಅಂಟಿಕೊಂಡಿದೆಯೇ ನೋಡಬೇಕು; ಹಳೆಯ ಗೆಳೆತನವನ್ನು ಅದು ಬೇಗ ಬಿಡುವುದಿಲ್ಲ. ಮೊಬೈಲಿನ ಬ್ಲೂಟೂತ್ ಆರಿಸಿದರೆ ಈ ಸಂಶಯ ತೀರಿತು. ಎರಡನೆಯದು, ತೆರೆಯ ಕೆಳಮೂಲೆಯ ಸ್ಪೀಕರಿನ ಗುರುತನ್ನು ಒತ್ತಿ, ದನಿ ಯಾರ ಹೆಸರಿಗೆ ಹೋಗುತ್ತಿದೆಯೆಂದು ನೋಡಿ ಹೆಡ್‌ಫೋನನ್ನೇ ಆರಿಸಬೇಕು. ಮೂರನೆಯದು, ಸಭೆಯ ಪ್ರೋಗ್ರಾಮುಗಳು ತಮ್ಮದೇ ಬೇರೆ ಪಟ್ಟಿ ಇಟ್ಟುಕೊಂಡಿರುತ್ತವೆ, ಅದನ್ನೂ ತಿದ್ದಬೇಕು. ನಾಲ್ಕನೆಯದು, ಮೈಕಿಗೆ ಲ್ಯಾಪ್‌ಟಾಪಿನದನ್ನೇ ಕೊಟ್ಟು, ಹೆಡ್‌ಫೋನನ್ನು ಕೇಳುವುದಕ್ಕಷ್ಟೇ ಇಟ್ಟುಕೊಂಡರೆ ಇಬ್ಬರ ಜಗಳವೇ ಇಲ್ಲ. ಐದನೆಯದು, ದನಿಯ ಏರಿಳಿತ ಮೂರು ಕಡೆಗಿದೆ: ಕಂಪ್ಯೂಟರಿನಲ್ಲಿ, ಪ್ರೋಗ್ರಾಮಿನಲ್ಲಿ, ಹೆಡ್‌ಫೋನಿನ ಮೈಮೇಲೆ. ಇಷ್ಟಕ್ಕೂ ಬಗ್ಗದಿದ್ದರೆ ಕಂಪ್ಯೂಟರಿನ ಪಟ್ಟಿಯಿಂದ ಹೆಡ್‌ಫೋನಿನ ಹೆಸರನ್ನು ಅಳಿಸಿ ಹೊಸದಾಗಿ ಜೋಡಿ ಮಾಡಬೇಕು. ಆಗಲೂ ಕಂಪ್ಯೂಟರಿನಲ್ಲಿ ಮೌನವಿದ್ದು ಮೊಬೈಲಿನಲ್ಲಿ ದನಿ ಬಂದರೆ ಹೆಡ್‌ಫೋನು ಗಟ್ಟಿಯಾಗಿದೆಯೆಂದೇ ಅರ್ಥ. ಕಂಪ್ಯೂಟರಿನ ‘ಡ್ರೈವರ್’ ಎಂಬ ತಂತ್ರಾಂಶವನ್ನು ಅದರ ತಯಾರಕರಿಂದ ಹೊಸದಾಗಿ ಪಡೆದು ಹಾಕುವುದು ಉಳಿದ ಉಪಾಯ.

ಮಾತಿಗೂ ಸಂಗೀತಕ್ಕೂ ಒಂದೇ ಹೊಸ ವ್ಯವಸ್ಥೆ ಮಾಡುವುದಾಗಿ 2020ರಲ್ಲಿ ಆ ಕಂಪನಿಗಳ ಕೂಟವು ಸಾರಿತು. ಅದಕ್ಕೆ ಒಪ್ಪುವ ಸಾಮಾನುಗಳು ಪೇಟೆಗೆ ಬಂದಿವೆ. ಆದರೆ ಹೊಸದು ಬಂದ ದಿನವೇ ಹಳೆಯದು ಮನೆ ಬಿಡುವುದುಂಟೆ? ಅಣ್ಣನ ಲ್ಯಾಪ್‌ಟಾಪು ತಂಗಿಗೆ ಬರುವ ನಮ್ಮ ಮನೆಗಳಲ್ಲಿ 1998ರ ಫೋನಿನವನೂ 2003ರ ಹಾಡಿನವನೂ ಇನ್ನೂ ಕೆಲವು ಕಾಲ ಒಂದೇ ಸೂರಿನಡಿ ಇರುವವರೇ. ಸಂದರ್ಶನವಿದ್ದವರು ಹಿಂದಿನ ದಿನ ಸಂಜೆಯೇ ಗೆಳೆಯರೊಬ್ಬರನ್ನು ಅದೇ ಪ್ರೋಗ್ರಾಮಿನಲ್ಲಿ ಕರೆದು ಮಾತಾಡಿ ನೋಡಲಿ. ಪಕ್ಕದಲ್ಲಿ ತಂತಿಯದೊಂದು ಇಯರ್‌ಫೋನೂ ಇರಲಿ. ಅದಕ್ಕೆ ಈ ಚರಿತ್ರೆಯ ಗೊಡವೆಯೇ ಇಲ್ಲ.