ಐವತ್ತು ಡಾಲರಿನ ಮನೆ

ಮನೆ ಕಟ್ಟಿ ನೋಡು ಎಂಬ ಗಾದೆಯಲ್ಲಿರುವ ಎಚ್ಚರಿಕೆ ಎಂಥದೆಂದು, ಹದಿನೆಂಟು ವರ್ಷ ಗೃಹಸಾಲದ ಕಂತು ತೆತ್ತ ನನ್ನಂಥ ಮೇಷ್ಟರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೊನೆಯ ಕಂತು ತೀರುವ ಹೊತ್ತಿಗೆ ಮಕ್ಕಳು ಬೇರೆ ಊರು ಸೇರಿದ್ದರು. ಅದಕ್ಕೇ ಇರಬೇಕು, ಅಮೆರಿಕದ ಮೈಕ್ ಓಲರ್ ಎಂಬಾತನ ಪುಸ್ತಕದ ಹೆಸರನ್ನು ಕೇಳಿದಾಗ ನನಗೆ ಮೊದಲು ನಗು ಬಂತು, ಹಿಂದೆಯೇ ತುಸು ಅಸೂಯೆಯೂ ಬಂತು. 1978ರಲ್ಲಿ ಹೊರಬಂದ ಆ ಪುಸ್ತಕದ ಹೆಸರಿನಲ್ಲೇ ಮನೆಯ ಬೆಲೆ ಅಚ್ಚಾಗಿತ್ತು: 50 ಡಾಲರು ಮತ್ತು ಅದಕ್ಕೆ ಮೇಲ್ಪಟ್ಟು.

ನಗರ ಬೇಡ, ಸಂಬಳ ಬೇಡ ಎಂದು 1960ರ ದಶಕದ ಕೊನೆಯಲ್ಲಿ ಹಳ್ಳಿಗಾಡಿಗೆ ಹೊರಟ ಸಾವಿರಾರು ಅಮೆರಿಕನ್ನರಲ್ಲಿ ಓಲರ್ ಒಬ್ಬ. ಕೆನಡಾದ ಗಡಿಗೆ ಹತ್ತಿರದ ಉತ್ತರ ಐಡಹೊದ ಬೆಟ್ಟಸೀಮೆಯಲ್ಲಿ ಆತ ನೆಲೆಸಿದ. ಚಳಿಗಾಲದಲ್ಲಿ ಹಿಮ ಕವಿಯುವ ನಾಡು ಅದು. 1971ರಲ್ಲಿ ಇಳಿಜಾರನ್ನು ಅಗೆದು ಪುಟ್ಟ ಮನೆಯೊಂದನ್ನು ಮಾಡಿಕೊಂಡ. ಕೈಯಿಂದ ಬಿದ್ದ ಹಣ 50 ಡಾಲರು. 1975ರಲ್ಲಿ ಅದನ್ನೇ ಹಿಗ್ಗಿಸಿದಾಗ ಲೆಕ್ಕ 500ಕ್ಕೆ ಏರಿತು.

ಮಣ್ಣಿನ ಮನೆ ಆ ದೇಶಕ್ಕೆ ಹೊಸತೇನಲ್ಲ. ಮಿಸೌರಿ ನದಿಯ ದಂಡೆಯ ಮ್ಯಾಂಡನ್ ಜನ ಮರದ ಚೌಕಟ್ಟಿನ ಮೇಲೆ ಮಣ್ಣು ಹೊದಿಸಿ ದುಂಡನೆಯ ವಸತಿಗಳನ್ನು ಕಟ್ಟುತ್ತಿದ್ದರು. 1862ರ ಹೋಮ್‌ಸ್ಟೆಡ್ ಕಾಯಿದೆಯ ತರುವಾಯ ನೆಬ್ರಾಸ್ಕ, ಕಾನ್ಸಾಸ್‌ಗಳ ಬಯಲಿಗೆ ಬಂದ ಒಕ್ಕಲಿಗರು ಮರ ಸಿಗದೆ ಹುಲ್ಲುಬೇರಿನ ಹೆಂಟೆಗಳನ್ನೇ ಇಟ್ಟಿಗೆಯಂತೆ ಪೇರಿಸಿದರು. ಸೋರುವ ಸೂರು, ಕತ್ತಲೆ ಅವರ ಪಾಡಾಗಿತ್ತು. ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ಹಲಗೆಯ ಮನೆಗೆ ಹೋದರು.

ಓಲರನ ಹೆಚ್ಚುಗಾರಿಕೆ ಇಲ್ಲಿದೆ. ಕಂಬ ನೆಟ್ಟು, ಅದರ ಹಿಂದೆ ಹಲಗೆ ಜೋಡಿಸಿ, ಹಲಗೆಗೂ ಮಣ್ಣಿಗೂ ನಡುವೆ ಪಾಲಿಥೀನ್ ಹಾಳೆ ಇಳಿಬಿಟ್ಟು ಮಣ್ಣು ತುಂಬುವುದು ಅವನ ಕ್ರಮ. ಸೂರಿನ ಮೇಲೂ ಹಾಳೆ, ಮಣ್ಣು, ಮೇಲೆ ಹುಲ್ಲು. ಆದರೆ ನನಗೆ ಹಿಡಿಸಿದ್ದು ಬೆಟ್ಟದ ಮೇಲ್ಗಡೆಯ ಅಂಗಳ. ಇಳಿಜಾರಿನಲ್ಲಿ ಮನೆ ಅಗೆಯುವವನಿಗೆ ಮೊದಲು ಹೊಳೆಯುವುದು ಕೆಳಗಿನ ಕಣಿವೆಯ ಕಡೆಗೆ ಕಿಟಕಿ ಇಟ್ಟು ಉಳಿದುದನ್ನು ಮುಚ್ಚಿಬಿಡುವುದು. ಆಗ ಹಿಂಬದಿ ಕತ್ತಲು. ಮೇಲಿನಿಂದ ಇಳಿದ ನೀರು ನೇರವಾಗಿ ಹಿಂಗೋಡೆಗೇ ಬಂದು ನಿಲ್ಲುತ್ತದೆ. ಓಲರ್ ಮೇಲ್ಬದಿಯಲ್ಲೂ ಮಣ್ಣು ತೆಗೆದು ಮೆಟ್ಟಿಲುಮೆಟ್ಟಿಲಾದ ಅಂಗಳ ಬಿಟ್ಟ. ಎರಡೂ ಕಡೆಯಿಂದ ಬೆಳಕು ಬಂತು, ಗಾಳಿ ಆಡಿತು, ಸೂರಿನ ನೀರು ಗೋಡೆಗೆ ತಾಗದೆ ಪಕ್ಕಕ್ಕೆ ಹರಿಯಿತು. ನೆಲಮನೆಯೆಂದರೆ ನೆಲಮಾಳಿಗೆಯಲ್ಲ ಎಂದು ಆತ ತೋರಿಸಿದ್ದು ಹೀಗೆ.

ಅವನ ಲೆಕ್ಕವನ್ನು ನಾನು ಪೂರ್ತಿ ಒಪ್ಪಲಾರೆ. 50 ಡಾಲರಿನಲ್ಲಿ ನೆಲದ ಕ್ರಯವಿಲ್ಲ, ಬೆವರಿನ ಕೂಲಿಯಿಲ್ಲ. ಸ್ವಂತ ಕಾಡಿನ ಮರ, ಹಳೆಯ ಕಿಟಕಿ ಸಿಗುವವನಿಗೆ ಮಾತ್ರ ಅದು ಸಾಧ್ಯ. ಮಣ್ಣಲ್ಲಿ ಹೂತ ಮರ ಎಷ್ಟು ಕಾಲ ಬಾಳೀತು, ಹಾಳೆ ಹರಿದರೆ ಗತಿಯೇನು ಎಂಬ ಶಂಕೆಗಳೂ ನ್ಯಾಯವೇ. ಕಟ್ಟಡ ನಿಯಮಗಳ ಮೇಲೆ ಆತ ಹರಿಹಾಯುವುದೂ ಅತಿಯೆನಿಸುತ್ತದೆ: ಬಡವನ ತಲೆಯ ಮೇಲೆ ಸೂರು ಕುಸಿಯದಂತೆ ನೋಡುವುದೂ ಆ ನಿಯಮಗಳ ಕೆಲಸವಲ್ಲವೆ? ಆದರೂ, ಸಾಲಗಾರನಾಗದೆ ಮನೆಯೊಡೆಯನಾಗಬಹುದೆಂಬ ಅವನ ಮಾತನ್ನು ತಳ್ಳಿಹಾಕಲು ನನಗೆ, ಎಲ್ಲರಿಗಿಂತ ನನಗೆ, ಬಾಯಿಲ್ಲ.

ಕೊನೆಕೊನೆಗೆ ಓಲರನ ಗಮನ ಊಟದ ಕಡೆಗೆ ಹೊರಳಿತು. ಹಿಮದ ನಾಡಿನಲ್ಲೂ ಚಳಿಗಾಲದ ಸೊಪ್ಪುತರಕಾರಿಯನ್ನು ಮನೆಯಲ್ಲೇ ಬೆಳೆದುಕೊಳ್ಳಲೆಂದು, ನೆಲದೊಳಗಿನ ಬಿಸುಪನ್ನೂ ಬಿಸಿಲನ್ನೂ ಕೂಡಿಸುವ ಸಸ್ಯಗೃಹದ ಬಗ್ಗೆ 2007ರಲ್ಲಿ ಇನ್ನೊಂದು ಪುಸ್ತಕ ತಂದ. 2016ರಲ್ಲಿ ತೀರಿಕೊಂಡ.