ಮುಕ್ಕಣ್ಣ ಕ್ಯಾಮೆರಾ

ಹಳೇ ರೋಲಿಫ್ಲೆಕ್ಸ್‌ನಲ್ಲಿ ಒಂದರ ಮೇಲೊಂದು ಕೂತ ಎರಡು ಲೆನ್ಸ್ ನೋಡಿದ್ದೀರಲ್ಲ? ಅದರ ಅಪ್ಪ ಮುಕ್ಕಣ್ಣ. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಫ್ರಾಂಕೆ ಮತ್ತು ಹೈಡೆಕೆ 1926ರಲ್ಲಿ ತಂದ ರೋಲಿಡೋಸ್ಕೋಪ್. ಅದರ ಎಡ-ಬಲ ಲೆನ್ಸ್‌ಗಳು ನಮ್ಮ ಕಣ್ಣುಗಳ ಹಾಗೆ ರೋಲ್ ಫಿಲ್ಮಿನ ಮೇಲೆ ಜೋಡಿ ಚಿತ್ರ ತೆಗೆಯುತ್ತಿದ್ದವು. ನಡುವಿನದು ನೋಡಿ ಫೋಕಸ್ ಮಾಡೋದಕ್ಕೆ. ಜೋಡಿಯನ್ನು ಸ್ಟೀರಿಯೋಸ್ಕೋಪಿನಲ್ಲಿಟ್ಟರೆ ಚಿತ್ರಕ್ಕೆ ಆಳ ಬರುತ್ತಿತ್ತು.

1929ರಲ್ಲಿ ಒಂದು ಕಣ್ಣು ಬಿಟ್ಟು, ಉಳಿದೆರಡನ್ನು ನೆಟ್ಟಗೆ ನಿಲ್ಲಿಸಿದರು: ಅದೇ ರೋಲಿಫ್ಲೆಕ್ಸ್. ಜಗತ್ತಿನ ತುಂಬ ಹೆಸರಾಯ್ತು. ಕಳೆದುಕೊಂಡಿದ್ದು ಆಳ.

ಅದನ್ನು ಈಗಲೂ ವಾಪಸ್ ಪಡೆಯಬಹುದು. ಒಂದು ಫ್ರೇಮ್ ತೆಗೆದು, ಕ್ಯಾಮೆರಾವನ್ನು ಸುಮಾರು 6.5 ಸೆಂಟಿಮೀಟರ್ ಪಕ್ಕಕ್ಕೆ ಸರಿಸಿ ಇನ್ನೊಂದು ತೆಗೆಯಿರಿ. ನಡುವೆ ಒಂದು ಎಲೆ ಅಲ್ಲಾಡಿದರೂ ಜೋಡಿ ಕೂಡೋದಿಲ್ಲ. ಮುಕ್ಕಣ್ಣನಿಗೆ ಆ ಭಯ ಇರಲಿಲ್ಲ; ಅವನು ಎರಡನ್ನೂ ಒಂದೇ ಕ್ಷಣದಲ್ಲಿ ನೋಡುತ್ತಿದ್ದ.