ಬೆಟ್ಟದ ವಿದ್ಯುತ್ ಬೈಸಿಕಲ್ಲು: ಹಳೆಯದನ್ನು ಕೊಳ್ಳುವ ಮುನ್ನ

ಹಳೆಯ ಬೈಸಿಕಲ್ಲನ್ನು ನೋಡಿ ಕೊಳ್ಳುವ ವಿದ್ಯೆ ನಮ್ಮಲ್ಲಿ ಯಾರಿಗೂ ಹೊಸದಲ್ಲ. ಚಕ್ರವನ್ನೆತ್ತಿ ತಿರುಗಿಸಿ ರಿಮ್ಮು ಓಲಾಡುವುದೋ ಎಂದು ನೋಡುತ್ತೇವೆ. ಬ್ರೇಕು ಹಿಡಿದು ದೂಡುತ್ತೇವೆ. ಬಣ್ಣದ ಕೆಳಗೆ ಬೆಸುಗೆಯ ಗುರುತಿದೆಯೋ ಎಂದು ಬೆರಳಾಡಿಸುತ್ತೇವೆ. ಕಣ್ಣು, ಕಿವಿ, ಬೆರಳು ಇಷ್ಟಿದ್ದರೆ ಸಾಕು. ಆದರೆ ಬೆಟ್ಟ ಹತ್ತುವ ವಿದ್ಯುತ್ ಬೈಸಿಕಲ್ಲನ್ನು ಕೈ ಬದಲಾದ ಮೇಲೆ ಕೊಳ್ಳಹೊರಟರೆ ಈ ವಿದ್ಯೆ ಅರ್ಧಕ್ಕೇ ನಿಲ್ಲುತ್ತದೆ. ಅದು ಏಕೆಂದು ತಿಳಿಯಲು ಈ ವಾಹನದ ವಂಶವನ್ನು ಸ್ವಲ್ಪ ವಿಚಾರಿಸಬೇಕು.

ಇದಕ್ಕೆ ಎರಡು ಕುಲ. ಮೊದಲನೆಯದು ವಿದ್ಯುತ್ತಿನದು, ಇದು ನಾವು ಎಣಿಸುವುದಕ್ಕಿಂತ ಬಹಳ ಹಳೆಯದು. 1895ರ ಡಿಸೆಂಬರ್ 31ರಂದು ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತ ವಿದ್ಯುತ್ ಬೈಸಿಕಲ್ಲಿಗೆ ಪೇಟೆಂಟು ಪಡೆದ. ಹಿಂದಿನ ಚಕ್ರದ ನಡುಮಧ್ಯದಲ್ಲೇ ಮೋಟಾರು. ಚೌಕಟ್ಟಿನಲ್ಲಿ 10 ವೋಲ್ಟಿನ ಬ್ಯಾಟರಿ. ಎರಡು ವರ್ಷಗಳ ನಂತರ, 1897ರಲ್ಲಿ, ಬಾಸ್ಟನ್ ನಗರದ ಹೋಸಿಯಾ ಲಿಬ್ಬಿ ಮೋಟಾರನ್ನು ಪೆಡಲಿನ ಅಚ್ಚಿನ ಬಳಿಗೆ ತಂದ. ಇಂದಿನ ಬಹುಪಾಲು ಬೆಟ್ಟದ ವಿದ್ಯುತ್ ಬೈಸಿಕಲ್ಲುಗಳಲ್ಲಿ ಮೋಟಾರು ಇರುವುದೂ ಅಲ್ಲಿಯೇ. ಬುದ್ಧಿಗೇನೂ ಕೊರತೆಯಿರಲಿಲ್ಲ. ಆದರೆ ಅಂದಿನ ಬ್ಯಾಟರಿಗಳು ಭಾರದಲ್ಲಿ ಹಿರಿದು, ಬಲದಲ್ಲಿ ಕಿರಿದು. ಸವಾರನಿಗೆ ನೆರವಾಗುವ ಮೊದಲು ಅವು ತಮ್ಮ ತೂಕವನ್ನೇ ಹೊರಬೇಕಾಗಿತ್ತು.

ಎರಡನೆಯದು ಬೆಟ್ಟದ ಕುಲ. ನೋಡಿ, ಇದು ಹುಟ್ಟಿದ್ದೇ ಹಳೆಯ ಸಾಮಾನಿನಿಂದ! 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದ ತರುಣರು 1930ರ, 40ರ ದಶಕಗಳ ದಪ್ಪ ಟೈರಿನ ಬೈಸಿಕಲ್ಲುಗಳನ್ನು ಅಗ್ಗಕ್ಕೆ ಕೊಂಡು ಬೆಟ್ಟದ ಮಣ್ಣುದಾರಿಗೆ ಇಳಿಸಿದರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಬಳಿ ಅವರ ಮೊದಲ ಪಂದ್ಯ ನಡೆಯಿತು. ಸುಮಾರು 2 ಮೈಲಿಯ ದಾರಿ, 1300 ಅಡಿಯ ಇಳಿತ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಆ ಬ್ರೇಕುಗಳು ಕೆಳಗೆ ಮುಟ್ಟುವಷ್ಟರಲ್ಲಿ ಕಾದು, ಒಳಗಿನ ಗ್ರೀಸು ಹೊಗೆಯಾಗಿಬಿಡುತ್ತಿತ್ತು. ಮತ್ತೆ ಗ್ರೀಸು ತುಂಬದೆ ಗತಿಯಿರಲಿಲ್ಲ. ಅದಕ್ಕೇ ಆ ದಾರಿಗೆ 'ರೀಪ್ಯಾಕ್', ಎಂದರೆ 'ಮತ್ತೆ ತುಂಬು', ಎಂದು ಹೆಸರಾಯಿತು. ಆ ಬೈಸಿಕಲ್ಲುಗಳಲ್ಲಿ ಏನು ಸವೆದರೂ ಕಣ್ಣಿಗೆ ಬೀಳುತ್ತಿತ್ತು, ಕೈಯಲ್ಲೇ ಸರಿಪಡಿಸಬಹುದಾಗಿತ್ತು. 1977ರಲ್ಲಿ ಜೋ ಬ್ರೀಜ಼್ ಬೆಟ್ಟಕ್ಕೆಂದೇ ಹೊಸ ಚೌಕಟ್ಟು ಕಟ್ಟಿದ. 1996ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಸ್ಥಾನ ದೊರೆಯಿತು.

ಇವೆರಡು ಕುಲಗಳಿಗೆ ನೆಂಟಸ್ತಿಕೆ ಬೆಳೆಸಿದ್ದು ಲಿಥಿಯಂ ಅಯಾನ್ ಬ್ಯಾಟರಿ. ಜಪಾನಿನ ಸೋನಿ ಸಂಸ್ಥೆ ಇದನ್ನು 1991ರಲ್ಲಿ ಮಾರುಕಟ್ಟೆಗೆ ತಂದಿತು. 1993ರಲ್ಲಿ ಯಮಾಹಾ, ಸವಾರ ಎಷ್ಟು ಬಲವಾಗಿ ತುಳಿಯುತ್ತಾನೆಂಬುದನ್ನು ಅಳೆದು ಅದಕ್ಕೆ ತಕ್ಕಷ್ಟು ನೆರವು ನೀಡುವ ಬೈಸಿಕಲ್ಲನ್ನು ಮಾರತೊಡಗಿತು. ಆದರೆ ಅದರಲ್ಲಿದ್ದದ್ದು ಇನ್ನೂ ಸೀಸದ ಬ್ಯಾಟರಿ. ಅದೇ ತೂಕಕ್ಕೆ ಹಲವು ಪಟ್ಟು ಶಕ್ತಿ ಹಿಡಿಯುವ ಲಿಥಿಯಂ ಬ್ಯಾಟರಿ ಮುಂದೆ ಆ ಜಾಗಕ್ಕೆ ಬಂದಾಗ ಮೋಟಾರಿಗೂ ಬೆಟ್ಟ ಎಟುಕಿತು. 2019ರಲ್ಲಿ ಕೆನಡದ ಮಾಂಟ್ ಸೇಂಟ್ ಆನ್‌ನಲ್ಲಿ ಇಂಥ ಬೈಸಿಕಲ್ಲುಗಳ ಮೊದಲ ವಿಶ್ವ ಪಂದ್ಯ ನಡೆಯಿತು. ಆ ಬ್ಯಾಟರಿಯ ಜನಕರಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ ನೊಬೆಲ್ ಬಹುಮಾನ ಬಂದದ್ದೂ ಅದೇ ವರ್ಷ.

ಹೀಗೆ ವರವಾಗಿ ಬಂದ ಬ್ಯಾಟರಿಯೇ ಹಳೆಯದನ್ನು ಕೊಳ್ಳುವವರ ತಲೆನೋವೂ ಹೌದು. ಪ್ರತಿ ಸಾರಿ ತುಂಬಿ ಬರಿದಾಗುವಾಗಲೂ ಒಳಗಿನ ಲಿಥಿಯಂ ಒಂದಿಷ್ಟು ಸಿಕ್ಕಿಹಾಕಿಕೊಂಡು ಕೆಲಸಕ್ಕೆ ಬಾರದಾಗುತ್ತದೆ. ಸುಮ್ಮನೆ ಮೂಲೆಯಲ್ಲಿಟ್ಟರೂ ಅದಕ್ಕೆ ಮುಪ್ಪು ತಪ್ಪದು. ಪೂರ್ತಿ ತುಂಬಿಸಿ ಬಿಸಿಲಿನ ತಾಪದಲ್ಲಿಟ್ಟರಂತೂ ಮುಪ್ಪು ಬೇಗ ಬರುತ್ತದೆ. ಆದುದರಿಂದ "ಹೆಚ್ಚು ಓಡಿಸಿಯೇ ಇಲ್ಲ ಸ್ವಾಮಿ" ಎಂಬ ಮಾತು ಇಲ್ಲಿ ಪೂರ್ಣ ಸಾಕ್ಷಿಯಾಗದು. ಹೊರಗಿನ ಬಣ್ಣ ಥಳಥಳಿಸುತ್ತಿರಬಹುದು; ಒಳಗೆ ಅರ್ಧ ಆಯುಸ್ಸು ಕಳೆದಿರಬಹುದು. ಬ್ಯಾಟರಿ ಸೋತರೆ 20ರಿಂದ 25 ಕಿಲೋ ತೂಗುವ ವಾಹನವನ್ನು ಏರಿನಲ್ಲಿ ನೀವೇ ತುಳಿಯಬೇಕು. ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಮೋಟಾರಿಗೆ ಸಾಮಾನ್ಯವಾಗಿ ಹೊಂದುವುದೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಖರೀದಿಯ ರಸೀದಿ ಕೇಳಿ. ಅದರಲ್ಲಿರುವ ಸಂಖ್ಯೆಯನ್ನು ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆಯೊಡನೆ ಹೋಲಿಸಿ. ಬ್ಯಾಟರಿಯ ಬೀಗದ ಕೈ, ಅದರದೇ ಚಾರ್ಜರು ಇರಲಿ. ಬ್ಯಾಟರಿಯ ಪೆಟ್ಟಿಗೆ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಬೆಲೆಯ ಮಾತೇ ಬೇಡ; ಅದು ಬೆಂಕಿಗೆ ಕಾರಣವಾಗಬಹುದು. ಸಾಧ್ಯವಾದರೆ ಆ ಕಂಪನಿಯ ಅಂಗಡಿಗೆ ಒಯ್ದು ಪರೀಕ್ಷೆ ಮಾಡಿಸಿ. ಎಷ್ಟು ಸಲ ತುಂಬಿಸಿದೆ, ಮೂಲ ಶಕ್ತಿಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಹಲವು ಕಂಪನಿಗಳ ಉಪಕರಣಗಳು ಓದಿ ಹೇಳುತ್ತವೆ. ಅದಾಗದಿದ್ದರೆ ಪೂರ್ತಿ ತುಂಬಿಸಿ, ಒಂದು ದೊಡ್ಡ ಏರನ್ನು ನೀವೇ ಹತ್ತಿ ನೋಡಿ. ಸ್ವಲ್ಪದರಲ್ಲೇ ಅರ್ಧಕ್ಕೆ ಇಳಿದರೆ ಅನುಮಾನಿಸಿ. ಯುರೋಪಿನ ನಿಯಮದಂತೆ 250 ವ್ಯಾಟಿನ ಮೋಟಾರು ಗಂಟೆಗೆ 25 ಕಿಲೋಮೀಟರಿನಲ್ಲಿ ನೆರವು ನಿಲ್ಲಿಸಬೇಕು. ಅಂಥದು ಅದಕ್ಕೂ ಮೀರಿ ಎಳೆದರೆ ಯಾರೋ ಒಳಗೆ ಕೈಯಾಡಿಸಿದ್ದಾರೆಂದೇ ತಿಳಿಯಿರಿ. ಮೋಟಾರಿನ ಸೆಳೆತಕ್ಕೆ ಸರಪಳಿಯೂ ಹಲ್ಲುಚಕ್ರವೂ ಬೇಗ ಸವೆಯುತ್ತವೆ. ಅಲ್ಲಿ ನಿಮ್ಮ ಹಳೆಯ ಕಣ್ಣು, ಬೆರಳುಗಳೇ ಸಾಕು.

ಕೊನೆಗೆ ಬೆಲೆ. ಆ ಮಾದರಿಗೆ ಹೊಸ ಬ್ಯಾಟರಿ ಇನ್ನೂ ಸಿಗುತ್ತದೆಯೇ, ಎಷ್ಟಕ್ಕೆ ಎಂದು ಮೊದಲೇ ವಿಚಾರಿಸಿ, ಮಾರುವವರು ಹೇಳಿದ ಬೆಲೆಗೆ ಅದನ್ನು ಕೂಡಿಸಿ ನೋಡಿ. ಮೊತ್ತ ಹೊಸ ಬೈಸಿಕಲ್ಲಿನ ಹತ್ತಿರಕ್ಕೆ ಬಂದರೆ ನಮಸ್ಕಾರ ಹೇಳಿ ಹೊರಡಿ. ಸಾಕಷ್ಟು ಕೆಳಗೆ ನಿಂತರೆ, ಏರು ಹತ್ತಿ ನೋಡಿಯೂ ಮನಸ್ಸಿಗೆ ಒಪ್ಪಿದರೆ, ಧಾರಾಳವಾಗಿ ಕೊಳ್ಳಿ.